ಧಾರಣೆ ಎಲ್ಲರಿಗೂ ಗೊತ್ತು, ಲೆಕ್ಕ ಯಾರ ಹತ್ತಿರ?



ನಮ್ಮ ಸಂಘದ ಕಚೇರಿಯ ಬಾಗಿಲ ಪಕ್ಕದ ಕರೀಹಲಗೆಯ ಮೇಲೆ ನಿತ್ಯವೂ ಶಿರಸಿ, ಶಿವಮೊಗ್ಗ, ಚನ್ನಗಿರಿ ಪೇಟೆಗಳ ಅಡಿಕೆ ಧಾರಣೆಯನ್ನು ಸೀಮೆಸುಣ್ಣದಿಂದ ಬರೆಯುವ ಪದ್ಧತಿ ಇಂದಿಗೂ ನಡೆದು ಬಂದಿದೆ. ಆದರೆ ನಿಂತು ಓದುವವರು ಈಗ ಇಲ್ಲ. ಕಳೆದ ಸುಗ್ಗಿಯಲ್ಲಿ ನಮ್ಮ ಗುಮಾಸ್ತರು ಮೂರು ದಿನ ರಜೆಯ ಮೇಲಿದ್ದಾಗ ಹಲಗೆಯ ಮೇಲೆ ಹಳೆಯ ಧಾರಣೆಯೇ ಉಳಿದಿತ್ತು. ಒಬ್ಬ ಸದಸ್ಯರೂ ಅದನ್ನು ಗಮನಿಸಲಿಲ್ಲ. ನಾಲ್ಕನೆಯ ದಿನ ಹಿರೇಕೆರೂರು ಕಡೆಯ ಹಿರಿಯ ಸದಸ್ಯರೊಬ್ಬರು ಬಂದು, “ಸೆಕ್ರೆಟರಿ ಸಾಹೇಬ್ರ, ಧಾರಣಿ ಎಲ್ಲಾ ಮೊಬೈಲಿನ್ಯಾಗ ಬರತೈತ್ರಿ, ಇನ್ನ ಈ ಹಲಿಗಿ ಯಾತಕ್ಕ?” ಎಂದು ನಗೆಯಾಡಿದರು. ನಾವೂ ನಕ್ಕೆವು. ಹೊರಡುವ ಮುನ್ನ ಅವರೇ ಬಾಗಿಲಲ್ಲಿ ನಿಂತು ಕೇಳಿದ ಇನ್ನೊಂದು ಪ್ರಶ್ನೆಗೆ ಮಾತ್ರ ನಗಲು ಆಗಲಿಲ್ಲ. “ಧಾರಣಿ ಗೊತ್ತಾತ್ರಿ. ಆದ್ರ ಆ ಧಾರಣಿ ನನ್ನ ಮಾಲಿಗೆ ಯಾಕ ಸಿಗವಲ್ದು?”

ಆ ಪ್ರಶ್ನೆಯನ್ನು ಈಗ ಬರೆಯಲು ಕಾರಣವಿದೆ. ಖಾಸಗಿ ಕಂಪನಿಯೊಂದು ನಮ್ಮ ಆಡಳಿತ ಮಂಡಳಿಗೆ ಪತ್ರ ಬರೆದು, ಸಂಘದ ಸದಸ್ಯರಿಗೆಲ್ಲ ಒಂದು ಮೊಬೈಲ್ ಆಪ್ ಉಚಿತವಾಗಿ ಕೊಡುವುದಾಗಿ ತಿಳಿಸಿದೆ. ತೂಕದ ಚೀಟಿ, ಧಾರಣೆ, ಮಳೆಯ ಮುನ್ಸೂಚನೆ, ರೋಗಕ್ಕೆ ಔಷಧದ ಸಲಹೆ, ಬೇಕಾದವರಿಗೆ ಮುಂಗಡ, ಎಲ್ಲವೂ ಅದರಲ್ಲಿ ಉಂಟಂತೆ. ಪ್ರತಿಯಾಗಿ ಸದಸ್ಯರ ಸರ್ವೆ ನಂಬರು, ಗಿಡಗಳ ಸಂಖ್ಯೆ, ವರ್ಷವಾರು ಇಳುವರಿ, ಮನೆಯಲ್ಲಿ ಇರುವ ದಾಸ್ತಾನು, ಇಷ್ಟನ್ನು ಅದರಲ್ಲಿ ತುಂಬಿಸಿಕೊಡಬೇಕು. ಮುಂದಿನ ತಿಂಗಳ ವಾರ್ಷಿಕ ಸರ್ವಸಾಧಾರಣ ಸಭೆಯಲ್ಲಿ ಈ ವಿಷಯ ಮತಕ್ಕೆ ಬರಲಿದೆ. ಮಂಡಳಿಯಲ್ಲಿ ಎರಡು ಅಭಿಪ್ರಾಯಗಳಿವೆ. ನಮ್ಮದು ಯಾವುದು, ಯಾಕೆ ಎಂಬುದನ್ನು ಸಭೆಗೆ ಮುಂಚೆಯೇ ತಿಳಿಸುವುದು ನ್ಯಾಯವೆಂದು ಭಾವಿಸಿ ಈ ಬರಹ.

ನಾವು ಡಿಗ್ರಿ ಮುಗಿಸಿಕೊಂಡು ಹಾನಗಲ್ಲಿಗೆ ಮರಳಿದ ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಊರಿನಲ್ಲಿ ಫೋನು ಇದ್ದದ್ದು ಅಡತಿ ಅಂಗಡಿಯಲ್ಲಿ ಮತ್ತು ಅಂಚೆ ಕಚೇರಿಯಲ್ಲಿ. ಶಿರಸಿಯ ಧಾರಣೆ ಬೇಕೆಂದರೆ ಅಲ್ಲಿಂದ ಬರುವ ಬಸ್ಸಿನ ಕಂಡಕ್ಟರನ್ನು ಕೇಳಬೇಕು, ಇಲ್ಲವೆ ಧಾರವಾಡ ಆಕಾಶವಾಣಿಗೆ ಕಿವಿಗೊಡಬೇಕು. ಅಡತಿದಾರರಿಗೆ ಮಧ್ಯಾಹ್ನಕ್ಕೇ ತಿಳಿದದ್ದು ನಮಗೆ ಮರುದಿನದ ಪತ್ರಿಕೆಯಲ್ಲಿ ತಿಳಿಯುತ್ತಿತ್ತು. ಆ ಒಂದು ರಾತ್ರಿಯ ಅಂತರವೇ ಅವರ ಬಂಡವಾಳವಾಗಿತ್ತು. ಈಗ ಆ ಅಂತರ ಹೋಗಿದೆ. ಹೀಗಿದ್ದೂ ಅಡತಿದಾರರ ಅಂಗಡಿ ಮುಚ್ಚಿಲ್ಲ, ನಮ್ಮ ಕೈ ಮೇಲಾಗಿಯೂ ಇಲ್ಲ. ಇದನ್ನು ಕೊಂಚ ಬಿಡಿಸಿ ನೋಡಬೇಕು.

ಧಾರಣೆಯ ಸುದ್ದಿಯಿಂದ ನಿಜವಾಗಿ ಲಾಭ ಯಾರಿಗಾಯಿತು ಎಂಬುದಕ್ಕೆ ನಮ್ಮ ನೆರೆಯಲ್ಲೇ ಒಂದು ಉದಾಹರಣೆಯಿದೆ. 1997ರಿಂದ 2001ರವರೆಗೆ ಕಾಸರಗೋಡು, ಕಣ್ಣೂರು, ಕೋಳಿಕೋಡು ಜಿಲ್ಲೆಗಳ ಕಡಲ ದಂಡೆಗೆ ಮೊಬೈಲ್ ಫೋನು ಬಂತು. ಅದಕ್ಕೆ ಮುಂಚೆ ಒಂದು ದಕ್ಕೆಯಲ್ಲಿ ಬೂತಾಯಿ ಮೀನನ್ನು ಕೊಳ್ಳುವವರಿಲ್ಲದೆ ಸುರಿದು ಹೋಗುತ್ತಿದ್ದರು. ಅದೇ ಹೊತ್ತಿಗೆ ಹತ್ತಾರು ಮೈಲಿ ದೂರದ ಇನ್ನೊಂದು ದಕ್ಕೆಯಲ್ಲಿ ಮೀನು ಸಾಲದೆ ಜನ ಬರಿಗೈಯಲ್ಲಿ ಮರಳುತ್ತಿದ್ದರು. ಫೋನು ಬಂದ ಮೇಲೆ ದೋಣಿಯವರು ಕಡಲಿನಿಂದಲೇ ವಿಚಾರಿಸಿ ಬೇಡಿಕೆಯಿದ್ದ ದಕ್ಕೆಗೆ ದೋಣಿ ತಿರುಗಿಸಿದರು. ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮೀನುಗಾರರ ಲಾಭ ಸರಾಸರಿ ನೂರಕ್ಕೆ 8ರಷ್ಟು ಏರಿತು, ಗಿರಾಕಿ ಕೊಡುವ ಬೆಲೆ ನೂರಕ್ಕೆ 4ರಷ್ಟು ಇಳಿಯಿತು, ಮೀನು ಸುರಿಯುವುದು ನಿಂತೇ ಹೋಯಿತು.

ನಮ್ಮ ಸವಣೂರಿನ ಎಲೆ ಬಳ್ಳಿಯವರಿಗೆ ಈ ಕತೆ ಬೇಗ ಅರ್ಥವಾಗುತ್ತದೆ. ವೀಳ್ಯದೆಲೆಯೂ ಮೀನಿನ ಹಾಗೆಯೇ, ಕೊಯ್ದ ಮೇಲೆ ಕಾಯುವುದಿಲ್ಲ. ಅವರಿಗೆ ಇಂದಿನ ಸಂಜೆಯ ಸುದ್ದಿಯೇ ಹಣ. ಅಡಿಕೆ ಹಾಗಲ್ಲ. ಬೇಯಿಸಿ ಒಣಗಿಸಿ ಅಟ್ಟಕ್ಕೇರಿಸಿದ ಅಡಿಕೆ ತಿಂಗಳುಗಟ್ಟಲೆ ಕಾಯುತ್ತದೆ. ಕಾಯುವ ಮಾಲಿನ ವ್ಯಾಪಾರದಲ್ಲಿ ಇವತ್ತಿನ ಧಾರಣೆ ಗೊತ್ತಿದ್ದರೆ ಸಾಲದು. ಯಾರ ಅಟ್ಟದಲ್ಲಿ ಎಷ್ಟು ಚೀಲವಿದೆ, ಅದು ಎಂಥ ಮಾಲು, ಆ ಮನೆಗೆ ಹಣ ಯಾವಾಗ ಬೇಕು, ಈ ಮೂರನ್ನು ಬಲ್ಲವನು ಗೆಲ್ಲುತ್ತಾನೆ. ಅಡತಿದಾರರ ಮುಂಗಡದ ಖಾತೆಯಲ್ಲಿ ಇರುವುದು ಇವೇ ಮೂರು. ಮಗಳ ಮದುವೆಗೆಂದು ಮುಂಗಡ ತಂದವರು ಯಾರು, ಬೋರ್‌ವೆಲ್ ಕೊರೆಸಲು ತಂದವರು ಯಾರು ಎಂದು ಅವರು ಪುಟ ತಿರುವದೆಯೇ ಹೇಳಬಲ್ಲರು. ಹಿರೇಕೆರೂರಿನ ಹಿರಿಯರ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿದೆ.

ಧಾರಣೆಯನ್ನು ಬಯಲಿನಲ್ಲಿಟ್ಟದ್ದಕ್ಕೆ ಬೆಲೆಯಿಲ್ಲವೆಂದು ನಾವು ಹೇಳುತ್ತಿಲ್ಲ. 1923ರಲ್ಲಿ ಶಿರಸಿಯಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿಯನ್ನು ಕಟ್ಟಿದವರು ಬೆಳೆಗಾರನ ಮಾಲನ್ನು ಹತ್ತು ವ್ಯಾಪಾರಿಗಳ ಕಣ್ಣೆದುರು ಇಟ್ಟು ಮಾರುವ ದಾರಿ ಹಾಕಿದರು. ಎಪ್ಪತ್ತರ ದಶಕದ ಆರಂಭದಲ್ಲಿ ಅಡಿಕೆ ಬೆಲೆ ನೆಲ ಕಚ್ಚಿದಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ 1973ರಲ್ಲಿ ಕ್ಯಾಂಪ್ಕೋ ಹುಟ್ಟಿತು. ಕ್ಯಾಂಪ್ಕೋ ಮಾಡಿದ ಕೆಲಸಗಳಲ್ಲಿ ಪುತ್ತೂರಿನ ಚಾಕೊಲೇಟ್ ಕಾರ್ಖಾನೆಯನ್ನು ಎಲ್ಲರೂ ಹೊಗಳುತ್ತಾರೆ. ನಮಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅದರ ಶಾಖೆಗಳ ಮುಂದೆ ತೂಗುಹಾಕುವ ಖರೀದಿ ದರದ ಫಲಕ. ಆ ಫಲಕ ಹೇಳುವುದು “ಈ ದರಕ್ಕೆ ನಾವು ಕೊಳ್ಳುತ್ತೇವೆ” ಎಂದು. ಹಿಂದೆ ಹಣವಿಟ್ಟುಕೊಂಡು ಹೇಳಿದ ಮಾತು ಅದು. ಅಂಥ ಫಲಕವಿದ್ದ ಊರಿನಲ್ಲಿ ಬೇರೆ ವ್ಯಾಪಾರಿಯೂ ತೀರ ಕೆಳಗೆ ಕೇಳಲಾರ. ನಮ್ಮ ಕರೀಹಲಗೆಗೆ ಆ ಬಲವಿಲ್ಲ. ಬೇರೆ ಊರಿನ ಬೇರೆಯವರ ಮಾಲಿಗೆ ಸಿಕ್ಕ ಬೆಲೆಯನ್ನು ನಕಲು ಮಾಡುವುದು ಮಾತ್ರ ಅದರ ಕೆಲಸ.

ಮಲೆನಾಡಿನ ಕಡೆಯ ನಮ್ಮ ಕಾಫಿ ಬೆಳೆಗಾರ ಸದಸ್ಯರ ಅನುಭವ ಇನ್ನೂ ಸ್ಪಷ್ಟ. ಕಾಫಿ ಬೋರ್ಡಿನ ಪೂಲ್ ಇದ್ದ ಕಾಲದಲ್ಲಿ ಬೆಳೆಗಾರ ಕಾಫಿಯನ್ನು ಒಪ್ಪಿಸಿ ಕಂತಿನ ಪಾವತಿಗೆ ಕಾಯುತ್ತಿದ್ದ. ಲಂಡನ್ನಿನಲ್ಲಿ ಏನಾಯಿತು, ಬ್ರೆಜಿಲಿನಲ್ಲಿ ಹಿಮ ಬಿತ್ತೇ ಎಂಬ ಚಿಂತೆ ಬೋರ್ಡಿನದು. 1992ರಿಂದ ಒಂದೊಂದೇ ಕಟ್ಟು ಸಡಿಲವಾಗಿ 1996ರ ಹೊತ್ತಿಗೆ ಮಾರಾಟ ಪೂರ್ಣ ಬಯಲಾಯಿತು. ಆಗಿನಿಂದ ಆ ಚಿಂತೆಯೆಲ್ಲ ಹತ್ತೆಕರೆಯವನ ತಲೆಗೆ ಬಂತು. ಈಗ ಮೂಡಿಗೆರೆಯ ಸಣ್ಣ ಬೆಳೆಗಾರನೂ ಲಂಡನ್ ರೊಬಸ್ಟಾ ದರವನ್ನು, ನ್ಯೂಯಾರ್ಕ್ ಅರೇಬಿಕಾ ದರವನ್ನು ಕೈಯಲ್ಲೇ ನೋಡುತ್ತಾನೆ. 2024ರಲ್ಲಿ ರೊಬಸ್ಟಾ ಲಂಡನ್ನಿನಲ್ಲಿ ಟನ್ನಿಗೆ 5,000 ಡಾಲರ್ ದಾಟಿದ ದಿನವನ್ನು ಅವರೆಲ್ಲ ನೆನೆಯುತ್ತಾರೆ. ಆದರೆ ಮಾಲು ಕೊಡುವಾಗ ಲೆಕ್ಕ ನಡೆಯುವುದು ಔಟ್‌ಟರ್ನ್ ಮೇಲೆ. ಐವತ್ತು ಕಿಲೋ ಚೆರಿ ಚೀಲದಲ್ಲಿ ಎಷ್ಟು ಕಿಲೋ ಬೇಳೆ ಬರುತ್ತದೆ ಎಂಬುದನ್ನು ಮಾದರಿ ತೆಗೆದು ನೋಡಿ, ಅದನ್ನು ದರದಿಂದ ಗುಣಿಸುತ್ತಾರೆ. ದರ ಲಂಡನ್ನಿನಿಂದ ಬರುತ್ತದೆ, ಔಟ್‌ಟರ್ನ್ ಬರುವುದು ವ್ಯಾಪಾರಿಯ ಮೇಜಿನಿಂದ. 28 ಬರುವ ಕಾಫಿಗೆ 26 ಎಂದು ಬರೆದರೆ ಇನ್ನೂರು ಚೀಲಕ್ಕೆ 400 ಕಿಲೋ ಬೇಳೆ ಹೋಯಿತು. ಜಗತ್ತಿನ ಧಾರಣೆಯೆಲ್ಲ ಅಂಗೈಯಲ್ಲಿದ್ದು ತೇವಾಂಶದ ಮೀಟರು ಒಂದು ಮನೆಯಲ್ಲಿಲ್ಲದಿದ್ದರೆ ಹೀಗಾಗುತ್ತದೆ.

ಇನ್ನು ಸರ್ಕಾರದ ಏಕೀಕೃತ ಮಾರುಕಟ್ಟೆ. 2014ರಲ್ಲಿ ಕರ್ನಾಟಕ ಸರ್ಕಾರವೂ ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜೂ ಕೂಡಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಎಂಬ ಸಂಸ್ಥೆಯನ್ನು ಕಟ್ಟಿ ಎಪಿಎಂಸಿಗಳನ್ನು ಒಂದೇ ಗಣಕಜಾಲಕ್ಕೆ ಸೇರಿಸಿದವು. ಗೇಟಿನಲ್ಲೇ ಲಾಟಿಗೆ ನಂಬರು ಬೀಳುತ್ತದೆ, ವ್ಯಾಪಾರಿಗಳು ತಮ್ಮ ತಮ್ಮ ಬೆಲೆಯನ್ನು ಗುಟ್ಟಾಗಿ ನಮೂದಿಸುತ್ತಾರೆ, ವೇಳೆ ಮುಗಿದ ಮೇಲೆ ಹೆಚ್ಚಿನ ಬೆಲೆ ಹೊರಬೀಳುತ್ತದೆ, ಒಪ್ಪದಿದ್ದರೆ ರೈತ ಬೇಡವೆನ್ನಬಹುದು. ದೇಶಕ್ಕೇ ಮಾದರಿಯೆಂದು ಹೆಸರಾದ ಏರ್ಪಾಡು ಇದು. ಇದರ ಫಲವನ್ನು ಅಮೆರಿಕದ ವಿದ್ವಾಂಸರ ತಂಡವೊಂದು ಅಳೆದು 2020ರಲ್ಲಿ ಪ್ರಕಟಿಸಿತು. ಭತ್ತದ ಬೆಲೆ ನೂರಕ್ಕೆ 5.1, ಶೇಂಗಾ 3.6, ಗೋವಿನಜೋಳ 3.5ರಷ್ಟು ಏರಿದ್ದು ಕಂಡುಬಂತು. ಹತ್ತಿ, ಹೆಸರು, ತೊಗರಿಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಗಣಕಯಂತ್ರ ಅದೇ, ಕಾಯಿದೆ ಅದೇ. ಕೊಳ್ಳುವವರು ಬೆರಳೆಣಿಕೆಯಷ್ಟು ಮಂದಿಯಾದರೆ, ಅಥವಾ ದೂರದ ವ್ಯಾಪಾರಿಗೆ ಮಾಲಿನ ಗುಣ ಪರದೆಯ ಮೇಲೆ ತಿಳಿಯದಿದ್ದರೆ, ಜಾಲ ಎಷ್ಟು ದೊಡ್ಡದಾಗಿದ್ದರೂ ಏನು ಬಂತು?

ಅದೇ ತಂಡದವರು ಮುಂದೆ ನಮ್ಮ ರಾಜ್ಯದ ಒಂದು ಬೇಳೆಕಾಳಿನ ಪೇಟೆಯಲ್ಲಿ ಹರಾಜಿನ ಕ್ರಮವನ್ನೇ ಸ್ವಲ್ಪ ಬದಲಿಸಿ ನೋಡಿದರು. ಮೊದಲ ಸುತ್ತಿನಲ್ಲಿ ಮುಂದಿದ್ದ ವ್ಯಾಪಾರಿಗಳಿಗೆ ಬೆಲೆ ಏರಿಸಲು ಇನ್ನೊಂದು ಅವಕಾಶ ಕೊಟ್ಟರು, ಅಷ್ಟೆ. ಬೆಲೆ ನೂರಕ್ಕೆ 4.7ರಷ್ಟು ಹೆಚ್ಚಿತು. ಪರದೆ ಹೇಗೆ ನಡೆಯಬೇಕೆಂದು ನಿಶ್ಚಯಿಸುವ ಕೈಗೆ ಅಷ್ಟು ಶಕ್ತಿಯಿದೆ. ಪರದೆಯ ಮೇಲೆ ಒಂದು ಅಂಕಿ ಬಂದು ಅದರ ಕಾರಣ ಬಾರದಿದ್ದರೆ ಏನಾಗಬಹುದೆಂಬುದನ್ನು ನಮ್ಮ ಜಿಲ್ಲೆಯೇ ಕಂಡಿದೆ. 2024ರ ಮಾರ್ಚಿಯಲ್ಲಿ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ದಿಢೀರನೆ ಇಳಿದಾಗ ಸಿಟ್ಟಿಗೆದ್ದ ಬೆಳೆಗಾರರು ಎಪಿಎಂಸಿ ಕಚೇರಿಗೂ ವಾಹನಗಳಿಗೂ ಬೆಂಕಿ ಹಚ್ಚಿದರು. ಆ ಕೃತ್ಯವನ್ನು ನಾವು ಒಪ್ಪುವುದಿಲ್ಲ. ಆದರೆ ದೂರದಿಂದ ಚೀಲ ಹೊತ್ತು ತಂದವನಿಗೆ ತನ್ನ ಮಾಲಿಗೆ ಹೋದ ವಾರಕ್ಕಿಂತ ಯಾಕೆ ಕಡಿಮೆಯೆಂದು ಹೇಳುವವರು ಯಾರಾದರೂ ಇರಬೇಕಲ್ಲ.

ಪರದೆಯ ಒಡೆತನದ ವಿಷಯದಲ್ಲಿ ಹೊರದೇಶದ ಒಂದು ಪ್ರಸಂಗ ಹೇಳಲೇಬೇಕು. ಅಮೇರಿಕನ್ ಏರ್‌ಲೈನ್ಸ್ ಎಂಬ ವಿಮಾನ ಕಂಪನಿ ಅರವತ್ತರ ದಶಕದಲ್ಲಿ ಐಬಿಎಂ ಜೊತೆಗೂಡಿ ಸೇಬರ್ ಎಂಬ ಟಿಕೆಟು ಕಾಯ್ದಿರಿಸುವ ಗಣಕವ್ಯವಸ್ಥೆಯನ್ನು ಕಟ್ಟಿತು. 1976ರಿಂದ ಅದನ್ನು ಟಿಕೆಟು ಮಾರುವ ಏಜೆಂಟರ ಅಂಗಡಿಗಳಲ್ಲಿ ಇಡತೊಡಗಿತು. ಏಜೆಂಟರಿಗೆ ಬಹಳ ಅನುಕೂಲವಾಯಿತು. ಎಲ್ಲ ಕಂಪನಿಗಳ ವಿಮಾನಗಳೂ ಅದರಲ್ಲಿ ಇದ್ದವು. ಆದರೆ ಅಮೇರಿಕನ್ ಕಂಪನಿಯ ವಿಮಾನಗಳು ಮೇಲಿನ ಸಾಲುಗಳಲ್ಲಿ, ಪೈಪೋಟಿಯವರವು ಕೆಳಗೆ. ಅವಸರದ ಏಜೆಂಟ ಮೇಲಿನ ಸಾಲನ್ನೇ ಆರಿಸುತ್ತಾನೆ. ಇದರಲ್ಲಿ ಒಂದಾದರೂ ಸುಳ್ಳು ಇರಲಿಲ್ಲ, ಮೇಲೆ ಯಾರು ಕೆಳಗೆ ಯಾರು ಎಂಬುದಷ್ಟೇ ಇತ್ತು. ಕೊನೆಗೆ 1984ರಲ್ಲಿ ಅಲ್ಲಿನ ಸರ್ಕಾರ ನಿಯಮ ಮಾಡಿ ಅದನ್ನು ತಡೆಯಬೇಕಾಯಿತು. ವ್ಯಾಪಾರದಲ್ಲಿ ಮಾಹಿತಿ ವ್ಯವಸ್ಥೆಯಿಂದ ಮೇಲುಗೈ ಪಡೆಯುವುದಕ್ಕೆ ಇದನ್ನು ಇಂದಿಗೂ ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಉದಾಹರಣೆಯಾಗಿ ಪಾಠ ಹೇಳುತ್ತಾರೆ. ನಮ್ಮ ಮಕ್ಕಳು ಅದನ್ನು ಕಂಪನಿಯ ಕಡೆಯಿಂದ ಓದುತ್ತಾರೆ, ನಾವು ಏಜೆಂಟರ ಕಡೆಯಿಂದ ಓದಬೇಕಾಗಿದೆ.

ಈಗ ನಮ್ಮದೇ ಮೂರ್ಖತನದ ಒಂದು ಸಂಗತಿ. ಸುಮಾರು ಹತ್ತು ವರ್ಷದ ಹಿಂದೆ ಮನೆಯಲ್ಲಿ ಕಾಯಿಲೆಯ ಕಾರಣದಿಂದ ನಮ್ಮ ತೋಟದ ಫಸಲನ್ನು ಚೇಣಿಗೆ ಕೊಟ್ಟೆವು. ಒಂದು ಕ್ವಿಂಟಲ್ ಹಸಿ ಅಡಿಕೆಗೆ ಇಷ್ಟು ಕಿಲೋ ಒಣ ಅಡಿಕೆ ಎಂಬ ಮಾತಿನ ಮೇಲೆ ವ್ಯವಹಾರ. ನಮ್ಮ ಕಡೆ ಹನ್ನೆರಡರಿಂದ ಹದಿನಾಲ್ಕರ ನಡುವೆ ಎಲ್ಲೋ ಮಾತು ಕುದುರುವುದು ವಾಡಿಕೆ. ಚೇಣಿದಾರರು ಹನ್ನೆರಡು ಎಂದರು, ನಾವು ಹದಿಮೂರು ಎಂದೆವು. ಆಗ ಅವರು ಅಂಗಿಯ ಜೇಬಿನಿಂದ ಎಣ್ಣೆ ಮೆತ್ತಿದ ಒಂದು ಪುಟ್ಟ ಡೈರಿ ತೆಗೆದರು. ಅದರಲ್ಲಿ ನಮ್ಮ ತೋಟದ ಸುತ್ತಮುತ್ತಲಿನ ತೋಟಗಳದ್ದೆಲ್ಲ ಹಲವು ವರ್ಷಗಳ ಲೆಕ್ಕವಿತ್ತು. ಯಾವ ಕೊಯ್ಲಿಗೆ ಎಷ್ಟು ಹಸಿ, ಎಷ್ಟು ಒಣ ಎಂದು. ನಮ್ಮ ತೋಟದ ತಗ್ಗಿನ ಮೂಲೆಯಲ್ಲಿ ನೀರು ನಿಂತು ಕಾಯಿ ಹಗುರ ಎಂಬುದೂ ಅವರಿಗೆ ಗೊತ್ತಿತ್ತು. “ಸಾವ್ಕಾರ್ರ, ನಿಮ್ಮ ಲೆಕ್ಕಾ ತೋರಸ್ರಿ, ಹದಿಮೂರು ಬಂದಿದ್ರ ಹದಿಮೂರು ಕೊಡ್ತೀನಿ” ಎಂದರು. ಅರ್ಥಶಾಸ್ತ್ರದ ಪದವಿ ಪಡೆದ ನಮ್ಮ ಹತ್ತಿರ ತೋರಿಸಲು ಒಂದು ಚೀಟಿಯೂ ಇರಲಿಲ್ಲ. ಹನ್ನೆರಡಕ್ಕೇ ಕೊಟ್ಟೆವು. ಮರುವರ್ಷ ನಾವೇ ಸುಲಿಸಿ ಬೇಯಿಸಿ ಒಣಗಿಸಿ ತೂಗಿದಾಗ ಹದಿಮೂರಕ್ಕೆ ಕೊಂಚ ಮೇಲೆಯೇ ಬಂತು.

ಒಂದು ಕಿಲೋ ಏನು ಮಹಾ ಎನ್ನಬೇಡಿ. ನೂರು ಕ್ವಿಂಟಲ್ ಹಸಿ ಅಡಿಕೆಗೆ ಅದು ಒಂದು ಕ್ವಿಂಟಲ್ ಒಣ ಅಡಿಕೆ. ಕ್ವಿಂಟಲಿಗೆ ಐವತ್ತು ಸಾವಿರವೆಂದು ಹಿಡಿದರೆ ಐವತ್ತು ಸಾವಿರ. ಆ ಚೇಣಿದಾರರು ನಮಗೆ ಮೋಸ ಮಾಡಲಿಲ್ಲ. ಅವರು ಬರೆದಿಟ್ಟಿದ್ದರು, ನಾವು ಬರೆದಿಟ್ಟಿರಲಿಲ್ಲ. ಅವರ ಆ ಡೈರಿ ಯಾವ ದೊಡ್ಡ ಕಂಪನಿಯ ಗಣಕವ್ಯವಸ್ಥೆಗೂ ಕಡಿಮೆಯಾದುದಲ್ಲ.

ಸಂಘದ ವಿಷಯಕ್ಕೆ ಬಂದರೆ ನಮ್ಮ ಮುಖ ಇನ್ನೂ ಕೆಳಗಾಗುತ್ತದೆ. ಸಂಘ ಆರಂಭವಾದಂದಿನಿಂದ ಪ್ರತಿಯೊಬ್ಬ ಸದಸ್ಯರ ಮಾಲಿನ ತೂಕ, ರಾಶಿಯೋ ಬೆಟ್ಟೆಯೋ ಗೊರಬಲೋ ಎಂಬ ವಿಂಗಡಣೆ, ಬಂದ ದಿನ, ಸಿಕ್ಕ ದರ, ಎಲ್ಲವನ್ನೂ ಹಿಂದಿನ ಗುಮಾಸ್ತರು ಮುತ್ತಿನಂಥ ಅಕ್ಷರಗಳಲ್ಲಿ ಕಿರ್ದಿಗಳಲ್ಲಿ ಬರೆದಿಟ್ಟಿದ್ದರು. ಆ ಕಿರ್ದಿಗಳನ್ನು ವಖಾರಿಯ ಅಟ್ಟಕ್ಕೇರಿಸಿದ್ದು ನಮ್ಮ ಅಧಿಕಾರದ ಕಾಲದಲ್ಲೇ. ಹಂಚು ಸರಿದು ಎರಡು ಮಳೆಗಾಲ ಸೋರಿತು, ಆಮೇಲೆ ಗೆದ್ದಲು ಹತ್ತಿತು. ಅರ್ಧಕ್ಕೆ ಮೇಲೆ ಮಣ್ಣಾಯಿತು. ಮೇಲಿನ ಹಂಚು ಹೊಂದಿಸಲು ಬೇಕಾದ ಖರ್ಚನ್ನು ಮುಂದೂಡಿದ ಠರಾವಿನ ಮೇಲೆ ನಮ್ಮದೇ ಸಹಿಯಿದೆ.

ಉಳಿದ ಅರ್ಧವನ್ನು ಕಳೆದ ಮಳೆಗಾಲದಲ್ಲಿ ಕಿರಿಯ ಗುಮಾಸ್ತರು ಬಿಡುವಿದ್ದಾಗಲೆಲ್ಲ ಕಂಪ್ಯೂಟರಿಗೆ ಏರಿಸಿದರು. ವರ್ಷ ವರ್ಷವೂ ಮಾರ್ಚ್ ತಿಂಗಳ ಕೊನೆಯಲ್ಲಿ ಸಣ್ಣ ಸಣ್ಣ ಲಾಟುಗಳು ರಾಶಿಗಟ್ಟಲೆ ಬಂದಿರುವುದು ಅದರಿಂದ ಎದ್ದು ಕಂಡಿತು. ಯಾಕೆಂದು ನಮ್ಮ ಸದಸ್ಯರಿಗೆ ಹೇಳಬೇಕಾಗಿಲ್ಲ. ಬೆಳೆಸಾಲವನ್ನು ಗಡುವಿನೊಳಗೆ ಕಟ್ಟದಿದ್ದರೆ ಬಡ್ಡಿಯ ರಿಯಾಯಿತಿ ಹೋಗುತ್ತದೆ. ಎರಡೆಕರೆಯವನು ಆ ವಾರ ಮಾರಲೇಬೇಕು. ಇದು ನಮಗೆ ಹೊಸ ಸಂಗತಿ, ವ್ಯಾಪಾರಿಗಳಿಗೆ ಹಳೆಯದು. ನಮ್ಮ ಮಾಲು ನಮ್ಮದೇ ಮಾಲಿನ ಬೆಲೆ ಇಳಿಸುತ್ತಿತ್ತು. ಇದನ್ನು ಮೊದಲೇ ಕಂಡಿದ್ದರೆ ಆ ಸದಸ್ಯರ ಚೀಲಗಳನ್ನು ವಖಾರಿಯಲ್ಲಿ ಇಟ್ಟುಕೊಂಡು ಅಡವಿನ ಮೇಲೆ ಸಾಲ ಕೊಟ್ಟು ಎರಡು ತಿಂಗಳು ತಡೆಯಬಹುದಿತ್ತು. ಈ ಸಲ ಮಂಡಳಿ ಅದಕ್ಕೆ ಒಪ್ಪಿದೆ. ಅರ್ಧ ಗೆದ್ದಲು ತಿಂದ ಕಿರ್ದಿಯೇ ಇಷ್ಟು ಹೇಳಿತು.

ಕಂಪನಿಯ ಪತ್ರಕ್ಕೆ ಬರೋಣ. ಒಪ್ಪಬೇಕೆನ್ನುವ ನಿರ್ದೇಶಕರ ಮಾತಿನಲ್ಲಿ ಹುರುಳಿದೆ. ಸಂಘದಲ್ಲಿ ಇರುವುದು ಒಂದು ಹಳೆಯ ಕಂಪ್ಯೂಟರ್, ಅದನ್ನು ಬಲ್ಲವರು ಒಬ್ಬರು. ಕೇಂದ್ರ ಸರ್ಕಾರ 2022ರಲ್ಲಿ 2,516 ಕೋಟಿ ರೂಪಾಯಿಯ ಯೋಜನೆ ಮಾಡಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸಲು ಹೊರಟಿತು. ನಮ್ಮದು ಮಾರಾಟದ ಸಂಘ, ಆ ಪಂಕ್ತಿಯಲ್ಲಿ ನಮಗೆ ಎಲೆಯಿಲ್ಲ. ಹೊಸ ತಲೆಮಾರಿನ ಸದಸ್ಯರು ಕೈಬರಹದ ಚೀಟಿಗೆ ಬೇಸರಪಡುತ್ತಾರೆ. ಶಿಗ್ಗಾಂವಿಯ ತರುಣ ನಿರ್ದೇಶಕರೊಬ್ಬರು ಸಭೆಯಲ್ಲಿ, “ನಾವು ಬ್ಯಾಡಂದ್ರೂ ಹುಡುಗರು ತಮ್ಮ ಪಾಡಿಗೆ ತಾವು ಹಾಕ್ಕೋತಾರ್ರಿ. ಒಬ್ಬೊಬ್ಬರ ಹೋಗೋದಕಿಂತ ಸಂಘದ ಮೂಲಕ ಹೋದ್ರ ಕರಾರು ಹಾಕಾಕರ ಬರತೈತಿ” ಎಂದರು. ಆ ಮಾತನ್ನು ತಳ್ಳಿಹಾಕಲು ನಮಗೆ ಆಗಿಲ್ಲ.

ಆದರೂ ಈಗಿನ ರೂಪದಲ್ಲಿ ಆ ಪತ್ರಕ್ಕೆ ನಮ್ಮ ಸಮ್ಮತಿಯಿಲ್ಲ. ಅಡತಿದಾರರು ಹತ್ತು ಮಂದಿ, ಒಬ್ಬೊಬ್ಬರಿಗೆ ಐವತ್ತು ಮನೆಯ ಗುಟ್ಟು ಗೊತ್ತು. ಅವರವರಲ್ಲೇ ಪೈಪೋಟಿಯಿದೆ, ಒಬ್ಬರಲ್ಲಿ ಆಗದಿದ್ದರೆ ಇನ್ನೊಬ್ಬರ ಬಾಗಿಲಿಗೆ ಹೋಗಬಹುದು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಅಟ್ಟಗಳೆಲ್ಲ ಒಂದೇ ಕಡೆ ಕಾಣುವಂತಾದರೆ? ಆ ಕಂಪನಿ ನಾಳೆ ತಾನೇ ಅಡಿಕೆ ಖರೀದಿಗೆ ಇಳಿಯುವುದಿಲ್ಲವೆಂದು ಪತ್ರದಲ್ಲಿ ಎಲ್ಲಿಯೂ ಬರೆದಿಲ್ಲ. ನಮ್ಮ ಲೆಕ್ಕವನ್ನು ಬೇರೆ ಖರೀದಿದಾರರಿಗೆ ಮಾರುವುದಿಲ್ಲವೆಂದೂ ಬರೆದಿಲ್ಲ. ನಾವು ಒಪ್ಪಂದ ಮುರಿದುಕೊಂಡರೆ ನಮ್ಮ ಹಳೆಯ ಲೆಕ್ಕವನ್ನು ನಮಗೆ ಮರಳಿ ಕೊಟ್ಟು ತನ್ನಲ್ಲಿರುವುದನ್ನು ಅಳಿಸುವುದೇ ಎಂದು ಕೇಳಿ ನಾವು ಬರೆದ ಪತ್ರಕ್ಕೆ ಉತ್ತರ ಬಂದಿಲ್ಲ. 2023ರ ದತ್ತಾಂಶ ಸಂರಕ್ಷಣಾ ಕಾಯಿದೆ ವ್ಯಕ್ತಿಯ ಸಮ್ಮತಿ ಬೇಕೆನ್ನುತ್ತದೆ ನಿಜ. ಉಚಿತವಾಗಿ ಸಿಗುವ ಆಪಿನ ಕೊನೆಯ ಪುಟದಲ್ಲಿ “ಒಪ್ಪಿದೆ” ಎಂದು ಒತ್ತುವುದಕ್ಕೆ ನಮ್ಮಲ್ಲಿ ಯಾರು ಎರಡು ಸಲ ಯೋಚಿಸಿದ್ದೇವೆ?

ಆದುದರಿಂದ ನಾವು ಬೇರೊಂದು ಠರಾವನ್ನು ಮಂಡಿಸಲಿದ್ದೇವೆ. ಸಂಘ ತನ್ನ ಲಾಭದ ಒಂದು ಪಾಲನ್ನು ತೆಗೆದಿಟ್ಟು ಒಂದು ಹೊಸ ಕಂಪ್ಯೂಟರ್, ಒಂದು ಒಳ್ಳೆಯ ತೇವಾಂಶದ ಮೀಟರು, ಲೆಕ್ಕ ಬಲ್ಲ ಒಬ್ಬ ತರುಣ ಅಥವಾ ತರುಣಿ, ಇಷ್ಟಕ್ಕೆ ಏರ್ಪಾಡು ಮಾಡಲಿ. ಸದಸ್ಯರ ಲೆಕ್ಕ ಸಂಘದ ಉಪವಿಧಿಗೆ ಒಳಪಟ್ಟು ಸಂಘದಲ್ಲೇ ಇರಲಿ. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ತಿಳಿಯಬಾರದು, ಕಾರ್ಯದರ್ಶಿಯೂ ಅದನ್ನು ಹೊರಗೆ ಕೊಡಬಾರದು. ಒಟ್ಟು ಮೊತ್ತ ಮಾತ್ರ ಎಲ್ಲರಿಗೂ ತಿಳಿಯಲಿ. ಆಮೇಲೆ ಆ ಕಂಪನಿಯೋ ಇನ್ನೊಂದೋ ಬಂದರೆ ಮಳೆಯ ಮುನ್ಸೂಚನೆಯನ್ನೂ ರೋಗದ ಸಲಹೆಯನ್ನೂ ಹಣ ಕೊಟ್ಟೇ ಕೊಳ್ಳೋಣ. ದಾಸ್ತಾನಿನ ಲೆಕ್ಕವನ್ನು ಕೊಡುವುದು ಬೇಡ. ಖರ್ಚು ಬರುತ್ತದೆ, ಈ ವರ್ಷದ ಡಿವಿಡೆಂಡು ಸ್ವಲ್ಪ ಇಳಿಯುತ್ತದೆ. ಅದನ್ನು ಮುಚ್ಚಿಡುವುದಿಲ್ಲ. ಸಭೆಯಲ್ಲಿ ನಮ್ಮನ್ನು ಬೈಯುವವರು ಆ ಅಂಕಿಯನ್ನೇ ಹಿಡಿದು ಬೈಯಲಿ.

ಹಳೆಯ ಕಾಫಿ ತೋಟಗಳ ಮನೆಗಳಲ್ಲಿ ಮಳೆಯ ಪುಸ್ತಕವೊಂದು ಇರುತ್ತದೆ. ಮಳೆಮಾಪಕದ ನೀರನ್ನು ದಿನಾ ಬೆಳಿಗ್ಗೆ ಅಳೆದು ಇಷ್ಟು ಇಂಚು, ಇಷ್ಟು ಸೆಂಟು ಎಂದು ಬರೆದದ್ದು. ಅಜ್ಜನ ಅಕ್ಷರದಿಂದ ಮೊಮ್ಮಗನ ಅಕ್ಷರದವರೆಗೆ. ಹೂಮಳೆ ಯಾವ ವರ್ಷ ಯಾವ ದಿನ ಬಿತ್ತೆಂದು ಅವರು ಅದರಲ್ಲಿ ನೋಡಿ ಹೇಳುತ್ತಾರೆ. ಅಡಿಕೆಯವರಾದ ನಮಗೆ ಆ ಅಭ್ಯಾಸ ಬರಲಿಲ್ಲ. ತೋಟಕ್ಕೊಂದು ಪುಸ್ತಕ ಇಡುವುದಕ್ಕೆ ಕಂಪ್ಯೂಟರೇನೂ ಬೇಡ.

ಸರ್ವಸಾಧಾರಣ ಸಭೆಗೆ ಬರುವ ಸದಸ್ಯರಲ್ಲಿ ಒಂದು ವಿನಂತಿ. ಕಳೆದ ಮೂರು ವರ್ಷಗಳ ತೂಕದ ಚೀಟಿ, ಚೇಣಿಯ ಕರಾರು, ವ್ಯಾಪಾರಿಗಳು ಕೊಟ್ಟ ಪಟ್ಟಿ, ಮನೆಯಲ್ಲಿ ಏನು ಸಿಕ್ಕರೂ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿರಿ. ಹರಿದಿದ್ದರೂ ಚಿಂತೆಯಿಲ್ಲ. ನಕಲು ಮಾಡಿಕೊಂಡು ಅಂದೇ ಮರಳಿಸುತ್ತೇವೆ. ಎರಡೂ ಠರಾವುಗಳ ಪ್ರತಿ ಕಚೇರಿಯಲ್ಲಿ ಇವೆ, ಓದಿಕೊಂಡು ಬಂದರೆ ಚರ್ಚೆಗೆ ಅನುಕೂಲ. ಹಲಗೆಯ ಮೇಲೆ ಧಾರಣೆ ಬರೆಯುವುದನ್ನು ಸದ್ಯಕ್ಕೆ ನಿಲ್ಲಿಸುವುದಿಲ್ಲ. ಹಿರೇಕೆರೂರಿನ ಹಿರಿಯರು ತಮ್ಮ ಚೀಟಿಗಳನ್ನು ಆಗಲೇ ತಂದುಕೊಟ್ಟಿದ್ದಾರೆ. ಹನ್ನೊಂದು ಚೀಟಿಗಳಲ್ಲಿ ನಾಲ್ಕರ ಮೇಲೆ ತೇವಾಂಶದ ಅಂಕಿಯೇ ಇಲ್ಲ. ಆ ನಾಲ್ಕು ಸಲ ಅವರ ಮಾಲಿಗೆ ಧಾರಣೆ ಕಡಿದದ್ದು ಯಾವ ಆಧಾರದ ಮೇಲೆಂದು ವಿಚಾರಿಸುತ್ತಿದ್ದೇವೆ.

— ಕಾರ್ಯದರ್ಶಿ